ಯವದ್ವೀಪದ ಕಾಫಿಯೂ ಉಪಕಾರದ ವಾದವೂ

ಕಾಫಿಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು ಹಿಡಿಯುವ ದಾರಿ ಬಹುಮಟ್ಟಿಗೆ ಒಂದೇ. ಅಬಿಸೀನಿಯದ ಮೇಕೆ ಕಾಯುವ ಹುಡುಗನಿಂದ ತೊಡಗಿ, ಮೋಖಾ ಬಂದರಿನಿಂದ ಏಳು ಬೀಜಗಳನ್ನು ತಂದರೆಂದು ಪ್ರತೀತಿಯಿರುವ ಬಾಬಾ ಬುಡನರನ್ನು ಸ್ಮರಿಸಿ, ಅಲ್ಲಿಂದ ಒಂದೇ ನೆಗೆತಕ್ಕೆ ಜಾವಾ ದ್ವೀಪವನ್ನು ಸೇರಿ, ಜಾವಾದಿಂದ ಆಂಸ್ಟರ್ಡಾಮಿಗೂ ಆಂಸ್ಟರ್ಡಾಮಿನಿಂದ ಪ್ಯಾರಿಸಿಗೂ ಪ್ಯಾರಿಸಿನಿಂದ ಮಾರ್ಟಿನೀಕ್ ದ್ವೀಪಕ್ಕೂ ಹೋದ ಸಸಿಯ ಪ್ರಯಾಣವನ್ನು ತೀರ್ಥಯಾತ್ರೆಯಂತೆ ವರ್ಣಿಸಿ ಮಂಗಳ ಹಾಡುವರು. ಇಂತಹ ಪ್ರಬಂಧಗಳಲ್ಲಿ ಗಿಡ ನಡೆಯುವುದು, ಬೀಜ ಹಾರುವುದು, ಹಡಗು ತೇಲುವುದು. ಗುಂಡಿ ತೋಡಿದವನು ಮಾತ್ರ ಎಲ್ಲಿಯೂ ಕಾಣಿಸನು. ಇಷ್ಟೇ ಆಗಿದ್ದರೆ ಇದನ್ನು ಅಪೂರ್ಣತೆಯೆಂದು ಹೇಳಿ ಸುಮ್ಮನಿರಬಹುದಾಗಿತ್ತು. ಆದರೆ ಈಚೆಗೆ ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟತೊಡಗಿರುವರು. ಡಚ್ಚರು ಜಾವಾಕ್ಕೆ ಕಾಫಿಯನ್ನು ಕೊಟ್ಟರಂತೆ. ಸೋಮಾರಿಗಳಾಗಿದ್ದ ಜನರಿಗೆ ದುಡಿಮೆಯನ್ನು ಕಲಿಸಿದರಂತೆ. ದಾರಿ ಮಾಡಿದರು, ಹಣ ತಂದರು, ಜನಸಂಖ್ಯೆ ಬೆಳೆಯಿತು. ಆದುದರಿಂದ ಅದು ಆಳಿಕೆಯ ರೂಪದಲ್ಲಿ ಬಂದ ಉಪಕಾರವೇ ಹೊರತು ಬೇರಲ್ಲವಂತೆ. ಹಾಲೆಂಡಿನ ಪ್ರಧಾನಮಂತ್ರಿಯೊಬ್ಬರು ೨೦೦೬ರಲ್ಲಿ ತಮ್ಮ ಪಾರ್ಲಿಮೆಂಟಿನಲ್ಲಿ ಹಳೆಯ ಕಂಪನಿಯವರ ಸಾಹಸಬುದ್ಧಿಯನ್ನು ಹೊಗಳಿ ಆಕ್ಷೇಪಕ್ಕೆ ಗುರಿಯಾದರು. ಅಲ್ಲಿ ಆಕ್ಷೇಪವನ್ನು ಪಡೆದ ಮಾತು ಇಲ್ಲಿ ಚಪ್ಪಾಳೆಯನ್ನು ಪಡೆಯುತ್ತಿರುವುದು ವಿಚಿತ್ರ.

ಈ ಪೂರ್ವಪಕ್ಷವನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗಿದೆ.

ಮೊದಲು ‘ಕೊಟ್ಟರು’ ಎಂಬ ಕ್ರಿಯಾಪದ. ೧೬೯೬ರಲ್ಲಿ ಆಂಸ್ಟರ್ಡಾಮಿನ ನಗರಾಧ್ಯಕ್ಷನಾಗಿದ್ದ ನಿಕೊಲಾಸ್ ವಿಟ್ಸೆನ್ನನ ಪ್ರೇರಣೆಯಿಂದ, ಮಲಬಾರಿನಲ್ಲಿದ್ದ ಡಚ್ ಅಧಿಕಾರಿ ಆಡ್ರಿಯಾನ್ ವಾನ್ ಒಮ್ಮೆನ್ ಎಂಬವನು ಕಣ್ಣಾನೂರಿನಿಂದ ಬತಾವಿಯಕ್ಕೆ ಕಾಫಿಯ ಸಸಿಗಳನ್ನು ಕಳುಹಿಸಿದನು. ಅವು ನೆರೆಯಲ್ಲಿ ನಾಶವಾದುವು. ೧೬೯೯ರಲ್ಲಿ ಹೆನ್ರಿಕಸ್ ಜ್ವಾರ್ಡೆಕ್ರೂನ್ ಎಂಬವನು ಮಲಬಾರಿನಿಂದಲೇ ತಂದ ಸಸಿಗಳು ಬದುಕಿದುವು. ಈ ಸಸಿಗಳು ಚಂದ್ರದ್ರೋಣ ಪರ್ವತದ ಗಿಡಗಳ ಸಂತತಿಯೆಂದು ಕನ್ನಡದ ಲೇಖಕರು ಹೆಮ್ಮೆಪಡುವುದುಂಟು. ಹಳೆಯ ಬರಹಗಳಾದರೋ ಅರಬಸ್ತಾನದ ಬೀಜದಿಂದ ಮಲಬಾರಿನಲ್ಲಿ ಬೆಳೆದ ಸಸಿಗಳೆಂದಷ್ಟೇ ಹೇಳುವುವು. ಬೆಟ್ಟದ ಹೆಸರನ್ನು ಹೇಳುವುದಿಲ್ಲ. ಘಟ್ಟದ ಮೇಲಿನಿಂದ ಕರಾವಳಿಗೆ ಬೀಜ ಇಳಿದಿರಬಹುದು. ಇರಬಹುದೆಂಬುದನ್ನು ಇದ್ದಿತೆಂದು ಬರೆಯುವುದು ಚರಿತ್ರೆಯಲ್ಲ, ಪುರಾಣ. ಹೇಗೇ ಇರಲಿ, ಆ ಬೀಜ ಕಣ್ಣಾನೂರಿನದಾದರೂ ಕಳಸದ್ದಾದರೂ ಅದರಿಂದ ಜಾವಾದ ರೈತನಿಗೆ ಆದುದರಲ್ಲಿ ವ್ಯತ್ಯಾಸವಿಲ್ಲ. ಕಂಪನಿಗೆ ಬೇಕಾಗಿದ್ದುದು ಮೋಖಾದ ವರ್ತಕರ ಹಂಗಿಲ್ಲದೆ ಕಾಫಿಯನ್ನು ಪಡೆಯುವ ಉಪಾಯ. ೧೭೧೧ರಲ್ಲಿ ಜಾವಾದ ಮೊದಲ ಬೀಜ ಆಂಸ್ಟರ್ಡಾಮಿನ ಹರಾಜಿಗೆ ಬಂದಿತು. ೧೭೨೦ರ ದಶಕದಲ್ಲಿಯೇ ಕಂಪನಿಯ ವ್ಯಾಪಾರದಲ್ಲಿ ಅದು ಮೋಖಾದ ಬೀಜವನ್ನು ಹಿಂದಿಕ್ಕಿತು. ಕೊಡುವವನು ಕೊಟ್ಟ ವಸ್ತುವನ್ನು ತಾನೇ ಒಯ್ಯುವುದಾದರೆ ಆ ಕ್ರಿಯೆಗೆ ವ್ಯಾಕರಣದಲ್ಲಿ ದಾನವೆಂಬ ಹೆಸರಿಲ್ಲ.

ಇನ್ನು ಬೆಳೆದ ಬಗೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಸೀತಾನ್ವೇಷಣೆಗೆ ವಾನರರನ್ನು ಕಳುಹಿಸುವಾಗ ಸುಗ್ರೀವನು ಹೆಸರಿಸುವ ಯವದ್ವೀಪವೆಂಬುದು ಈ ಜಾವಾವೇ ಎಂದು ವಿದ್ವಾಂಸರಲ್ಲಿ ಅನೇಕರ ಮತ. ಸಂಸ್ಕೃತದ ಸಂಬಂಧ ಆ ನಾಡಿಗೆ ಎಷ್ಟು ಆಳವಾದುದೆಂದರೆ, ಇಂದಿಗೂ ಅಲ್ಲಿ ಹಳ್ಳಿಗೆ ‘ದೇಸ’ ಎನ್ನುವರು. ಜಿಲ್ಲೆಯ ಮುಖ್ಯಸ್ಥನನ್ನು ‘ಬುಪಾತಿ’ ಎನ್ನುವರು. ಅದು ‘ಭೂಪತಿ’ ಶಬ್ದದ ರೂಪವಲ್ಲದೆ ಮತ್ತೇನೂ ಅಲ್ಲ. ಡಚ್ಚರ ಬುದ್ಧಿವಂತಿಕೆಯಿದ್ದುದು ಈ ಭೂಪತಿಗಳನ್ನು ಕಿತ್ತೊಗೆಯದೆ ಉಳಿಸಿಕೊಂಡುದರಲ್ಲಿ. ಜಾವಾದ ಪಶ್ಚಿಮ ಭಾಗದಲ್ಲಿ ಪ್ರಿಯಾಂಗನ್ ಎಂಬ ಮಲೆಸೀಮೆಯುಂಟು. ಬೆಂಕಿಯ ಬೆಟ್ಟಗಳ ಬೂದಿ ಬಿದ್ದು ಫಲವತ್ತಾದ ಮಣ್ಣು, ತಂಪಾದ ಹವೆ, ಒಳ್ಳೆಯ ಮಳೆ. ಅಲ್ಲಿನ ಭೂಪತಿಗಳಿಗೆ ಕಂಪನಿ ಹೇಳಿದುದು ಇಷ್ಟೇ: ಇಷ್ಟು ಪಿಕುಲು ಕಾಫಿ ಉಗ್ರಾಣಕ್ಕೆ ಬರಬೇಕು, ಇಷ್ಟು ಬೆಲೆ ಸಿಕ್ಕುವುದು, ಬೇರೆ ಯಾರಿಗೂ ಮಾರಕೂಡದು. ಭೂಪತಿ ತನ್ನ ಕೈಕೆಳಗಿನವನಿಗೆ ಹೇಳಿದನು, ಅವನು ಹಳ್ಳಿಯ ಮುಖ್ಯಸ್ಥನಿಗೆ ಹೇಳಿದನು, ಅವನು ಒಕ್ಕಲಿಗೆ ಹೇಳಿದನು. ಒಂದೊಂದು ಮನೆತನಕ್ಕೆ ನೂರಾರು ಗಿಡಗಳ ಹೊಣೆ ಬಿದ್ದಿತು.

ಪಿಕುಲು ಎಂಬುದು ಒಬ್ಬ ಆಳು ಹೆಗಲ ಮೇಲೆ ಹೊರಬಹುದಾದ ಭಾರ. ಬತಾವಿಯದ ಲೆಕ್ಕದಲ್ಲಿ ೧೨೫ ಡಚ್ ಪೌಂಡು, ಈಗಿನ ಅಳತೆಯಲ್ಲಿ ಸುಮಾರು ೬೧ ಕಿಲೋಗ್ರಾಂ. ಆದರೆ ಬೆಟ್ಟದ ಮೇಲಿನ ಪಿಕುಲು ಬೇರೆ, ಬಂದರಿನ ಪಿಕುಲು ಬೇರೆ. ರೈತನಿಂದ ತೂಗಿ ಕೊಳ್ಳುವಾಗ ಭಾರವಾದ ಬೆಟ್ಟದ ಪಿಕುಲು. ಅವನಿಗೆ ಹಣವನ್ನು ಲೆಕ್ಕ ಹಾಕುವಾಗ ಹಗುರವಾದ ಬಂದರಿನ ಪಿಕುಲು. ನಡುವಿನ ವ್ಯತ್ಯಾಸ ಒಣಗಿ ಕಳೆದ ತೂಕವೆಂಬ ಹೆಸರಿನಲ್ಲಿ ನಡುವಿನವರ ಪಾಲಾಯಿತು. ಅಳೆದುಕೊಳ್ಳುವ ಕೊಳಗವೊಂದು, ಅಳೆದುಕೊಡುವ ಕೊಳಗವೊಂದು ಎಂದು ಕನ್ನಡ ನಾಡಿನ ಹಳ್ಳಿಗರು ಸಾಹುಕಾರರನ್ನು ಕುರಿತು ಆಡಿಕೊಳ್ಳುವುದುಂಟು. ಜಾವಾದಲ್ಲಿ ಅದೇ ರಾಜ್ಯಾಡಳಿತದ ಪದ್ಧತಿಯಾಗಿದ್ದಿತು. ಯುರೋಪಿನಲ್ಲಿ ಬೆಲೆ ಕುಸಿದಾಗ ಬೆಳೆಗಾರನಿಗೆ ಕೊಡುವುದನ್ನು ಇಳಿಸಿದರು. ೧೭೩೦ರ ದಶಕದಲ್ಲಿ ಬೀಜ ಮಿತಿಮೀರಿದಾಗ, ಬೆಳೆಸಿದ ಕೈಗಳಿಂದಲೇ ಗಿಡಗಳನ್ನು ಕೀಳಿಸಿದರು. ಮತ್ತೆ ಬೆಲೆಯೇರಲು ಮತ್ತೆ ನೆಡಿಸಿದರು. ನಾಲ್ಕು ವರ್ಷ ಕಾದು ಫಲ ಕಾಣುವ ಗಿಡ ಅದು. ನೆಟ್ಟವನಿಗೆ ಈ ಆಟದಲ್ಲಿ ಏನು ಕಂಡಿತೆಂಬುದನ್ನು ಊಹಿಸಲು ಪಾಂಡಿತ್ಯ ಬೇಕಾಗಿಲ್ಲ.

೧೭೯೯ರಲ್ಲಿ ಕಂಪನಿಯು ಸಾಲದಲ್ಲಿ ಮುಳುಗಿ ಕೊನೆಗೊಂಡಿತು. ಅಷ್ಟು ಸುಲಭವಾದ ಸುಲಿಗೆಯಿಂದಲೂ ಲಾಭ ಮಾಡಿಕೊಳ್ಳಲಾರದೆ ದಿವಾಳಿಯೆದ್ದವರನ್ನು ವ್ಯಾಪಾರನಿಪುಣರೆಂದು ಹೊಗಳುವುದೂ ಒಂದು ವಿನೋದವೇ. ಬಳಿಕ ೧೮೦೮ರಿಂದ ಡೇಂಡೆಲ್ಸ್ ಎಂಬ ಗವರ್ನರ್ ಜನರಲನು ಗಿಡಗಳನ್ನೂ ಬಿಟ್ಟಿಯನ್ನೂ ಹೆಚ್ಚಿಸಿದನು. ೧೮೧೧ರಿಂದ ೧೮೧೬ರ ವರೆಗೆ ಇಂಗ್ಲಿಷರ ಆಳಿಕೆ. ೧೮೨೫ರಿಂದ ೧೮೩೦ರ ವರೆಗೆ ಜಾವಾದವರ ದಂಗೆ ಮತ್ತು ಯುದ್ಧ. ಹಾಲೆಂಡಿನ ಬೊಕ್ಕಸ ಬರಿದಾಯಿತು. ಅದೇ ೧೮೩೦ರಲ್ಲಿ ಬೆಲ್ಜಿಯಮ್ಮಿನೊಡನೆ ಯುದ್ಧವೂ ಬಂದಿತು. ಈ ಸಂಕಟದಲ್ಲಿ ವಾನ್ ಡೆನ್ ಬಾಶ್ ಎಂಬವನು ಜಾವಾದಲ್ಲಿ ೧೮೩೦ರಿಂದ ಜಾರಿಗೆ ತಂದುದೇ ‘ಕೃಷಿಪದ್ಧತಿ’. ಹೆಸರು ಎಷ್ಟು ಸಾತ್ತ್ವಿಕ! ಕಾಗದದ ಮೇಲೆ ಅದು ಹೀಗಿದ್ದಿತು: ಹಳ್ಳಿಯು ತನ್ನ ಭೂಮಿಯ ಐದರಲ್ಲೊಂದು ಪಾಲಿನಲ್ಲಿ ಸರಕಾರ ಹೇಳಿದ ಬೆಳೆಯನ್ನು ಬೆಳೆದು ಕೊಡಬೇಕು, ಅದಕ್ಕೆ ಪ್ರತಿಯಾಗಿ ಕಂದಾಯದ ವಿನಾಯಿತಿ, ಭೂಮಿಯಿಲ್ಲದವನು ವರ್ಷಕ್ಕೆ ೬೬ ದಿನ ದುಡಿಯಬೇಕು, ರೈತನ ತಪ್ಪಿಲ್ಲದೆ ಬೆಳೆ ಕೆಟ್ಟರೆ ನಷ್ಟ ಸರಕಾರದ್ದು.

ಉಪಕಾರವಾದಿಗಳು ಇಲ್ಲಿ ಬಂದು ನಿಲ್ಲುವರು. ಭಾರತದ ಹಳೆಯ ರಾಜರು ಆರರಲ್ಲೊಂದು ಪಾಲು ತೆಗೆದುಕೊಳ್ಳುತ್ತಿರಲಿಲ್ಲವೆ? ಡಚ್ಚರು ಐದರಲ್ಲೊಂದು ಕೇಳಿದರೆ ಅದೇನು ಮಹಾಪರಾಧ? ಎಂದು ಪ್ರಶ್ನಿಸುವರು. ಈ ಸಾಮ್ಯ ಮೇಲುನೋಟದ್ದು. ಧರ್ಮಶಾಸ್ತ್ರಗಳು ಹೇಳುವ ಷಡ್ಭಾಗವು ರೈತನು ತನಗೆ ಬೇಕಾದುದನ್ನು ಬಿತ್ತಿ ಬೆಳೆದ ಫಲದಲ್ಲಿ ಪಾಲು. ಫಲವಿಲ್ಲದಿದ್ದರೆ ಪಾಲೂ ಇಲ್ಲ. ಮಿಕ್ಕ ಐದು ಪಾಲು ಅವನ ಕಣಜಕ್ಕೆ. ಇಲ್ಲಿ ರಾಜನು ಕೇಳಿದುದು ಫಲದಲ್ಲಿ ಪಾಲನ್ನಲ್ಲ. ಏನನ್ನು ಬಿತ್ತಬೇಕು, ಎಲ್ಲಿ ಬಿತ್ತಬೇಕು, ಯಾರಿಗೆ ಎಷ್ಟಕ್ಕೆ ಕೊಡಬೇಕು ಎಂಬ ನಿರ್ಣಯವನ್ನೇ. ಮೇಲಾಗಿ ಕಾಫಿಗೆ ಆ ಐದರಲ್ಲೊಂದರ ಮಿತಿಯೂ ಅನ್ವಯಿಸಲಿಲ್ಲ. ಕಬ್ಬು ನೀಲಿಗಳಂತೆ ಅದು ಗದ್ದೆಯಲ್ಲಿ ಬೆಳೆಯತಕ್ಕುದಲ್ಲ. ಊರಿಂದ ದೂರದ ಗುಡ್ಡದ ಓರೆಯಲ್ಲಿ, ಕಾಡು ಕಡಿದು ಮಾಡಿದ ಹೊಸ ನೆಲದಲ್ಲಿ ಬೆಳೆಯತಕ್ಕುದು. ಹಳ್ಳಿಯ ಭೂಮಿಯೇ ಅಲ್ಲದ ಮೇಲೆ ಹಳ್ಳಿಯ ಭೂಮಿಯ ಪಾಲಿನ ಲೆಕ್ಕವೆಲ್ಲಿಯದು? ಮನೆಯ ಬೇಲಿಗುಂಟ ನೆಟ್ಟುದು ಬೇಲಿಯ ಕಾಫಿ, ಕಾಡಿನ ನೆರಳಲ್ಲಿ ನೆಟ್ಟುದು ಕಾಡಿನ ಕಾಫಿ, ಸಾಲು ಹಿಡಿದು ನೆಟ್ಟುದು ತೋಟದ ಕಾಫಿ ಎಂದು ಡಚ್ ಅಧಿಕಾರಿಗಳು ಮೂರು ಬಗೆಯಾಗಿ ಎಣಿಸುತ್ತಿದ್ದರು. ಗಿಡವನ್ನು ಎಣಿಸಿದರು, ಗುಡ್ಡ ಹತ್ತಿಳಿದ ದಿನಗಳನ್ನು ಎಣಿಸಲಿಲ್ಲ.

ಇದಕ್ಕೆ ಹೋಲಿಕೆಯನ್ನು ಶಾಸ್ತ್ರದಲ್ಲಿ ಹುಡುಕುವುದಾದರೆ ಷಡ್ಭಾಗದ ಪ್ರಕರಣವನ್ನು ಬಿಟ್ಟು ವಿಷ್ಟಿಯ ಪ್ರಕರಣಕ್ಕೆ ಹೋಗಬೇಕು. ವಿಷ್ಟಿಯೆಂದರೆ ಕೂಲಿಯಿಲ್ಲದೆ ಅಥವಾ ಹೆಸರಿಗೆ ಮಾತ್ರ ಕೂಲಿ ಕೊಟ್ಟು ಅಧಿಕಾರದಿಂದ ಮಾಡಿಸಿಕೊಳ್ಳುವ ದುಡಿಮೆ. ಅದರ ತದ್ಭವವೇ ಕನ್ನಡದ ‘ಬಿಟ್ಟಿ’. ಭಾರತದ ಅರಸರೂ ಬಿಟ್ಟಿ ಹಿಡಿಸಿದ್ದಾರೆ; ಶಾಸನಗಳಲ್ಲಿ ಅದರಿಂದ ವಿನಾಯಿತಿ ಕೊಟ್ಟ ಮಾತು ಬರುವುದೇ ಅದು ಇದ್ದಿತೆಂಬುದಕ್ಕೆ ಸಾಕ್ಷಿ. ಇದ್ದುದನ್ನು ಇಲ್ಲವೆಂದು ಹೇಳುವುದು ಬೇಡ. ಆದರೆ ಬಿಟ್ಟಿಯನ್ನು ಬಿಟ್ಟಿಯೆಂದೇ ಕರೆದರು. ಅದಕ್ಕೆ ಕೃಷಿಪದ್ಧತಿಯೆಂದು ಹೆಸರಿಟ್ಟು ಪ್ರಜೆಗಳ ಶಿಕ್ಷಣವೆಂದು ವ್ಯಾಖ್ಯಾನ ಬರೆಯಲಿಲ್ಲ.

ಕೂಲಿಯಿಲ್ಲದಿರಲಿಲ್ಲ, ಬೆಲೆ ಕೊಟ್ಟರಲ್ಲವೆ? ಕೊಟ್ಟರು. ಆ ಲೆಕ್ಕವನ್ನು ನೋಡಬೇಕು. ೧೮೩೦ರ ದಶಕದಲ್ಲಿ ನಿಗದಿಯಾದ ಏರ್ಪಾಡಿನಂತೆ ಪಿಕುಲಿಗೆ ಬೆಲೆ ೨೫ ಗಿಲ್ಡರ್. ಅದರಲ್ಲಿ ಐದರಲ್ಲೆರಡು ಪಾಲು, ಅಂದರೆ ೧೦ ಗಿಲ್ಡರ್, ಕಂದಾಯದ ಬಾಬ್ತು ಮುರಿದುಕೊಳ್ಳುವುದು. ೩ ಗಿಲ್ಡರ್ ಸಾಗಣೆಯ ಬಾಬ್ತು. ರೈತನ ಕೈಗೆ ೧೨. ಕಂದಾಯಕ್ಕೆ ಬದಲಾಗಿ ಬೆಳೆ ಎಂದು ಹೇಳಿ, ಬೆಳೆಯ ಬೆಲೆಯಲ್ಲಿ ಮತ್ತೆ ಕಂದಾಯವನ್ನು ಮುರಿದುಕೊಂಡರೆ ವಿನಾಯಿತಿ ಯಾವುದು ಉಳಿಯಿತೆಂಬುದನ್ನು ಉಪಕಾರವಾದಿಗಳೇ ವಿವರಿಸಬೇಕು. ಇದರ ಮೇಲೆ ಭೂಪತಿಗೂ ಯುರೋಪಿಯನ್ ಅಧಿಕಾರಿಗೂ ಬಂದ ಬೆಳೆಯ ಮೇಲೆ ಶೇಕಡಾವಾರು ದಸ್ತೂರಿ ಉಂಟು. ಹೆಚ್ಚು ಹಿಂಡಿದವನಿಗೆ ಹೆಚ್ಚು ಹಣ. ನ್ಯಾಯಾಧೀಶನಿಗೆ ದಂಡದಲ್ಲಿ ಪಾಲು ಕೊಟ್ಟರೆ ನಿರಪರಾಧಿಗಳು ಉಳಿಯುವರೆ?

‘ಸೋಮಾರಿ ಜನ’ ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಯಾರ ದುಡಿಮೆಯಿಂದ ಜಗತ್ತಿನ ಪೇಟೆ ತುಂಬಿತೋ ಅವರನ್ನೇ ದುಡಿಯಲಾರದವರೆನ್ನುವುದು ವದತೋವ್ಯಾಘಾತ. ಡಚ್ಚರು ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ನೀರು ಹಾಯಿಸಿ ಬತ್ತ ಬೆಳೆದ ಜನ ಅವರು. ಬೊರೊಬುದುರಿನ ಸ್ತೂಪವನ್ನೂ ಪ್ರಂಬಾನನ್ನಿನ ದೇವಾಲಯಗಳನ್ನೂ ಕಟ್ಟಿದ ಜನ.

ಜನಸಂಖ್ಯೆಯ ವಾದ ಇದಕ್ಕಿಂತ ಸ್ವಲ್ಪ ಗಟ್ಟಿಯಾದುದು; ಆದುದರಿಂದ ಅದಕ್ಕೆ ಸ್ವಲ್ಪ ಗಮನ ಕೊಡಬೇಕು. ೧೮೧೫ರ ಸುಮಾರಿಗೆ ರಾಫಲ್ಸನ ಎಣಿಕೆಯಲ್ಲಿ ಜಾವಾದ ಜನ ಸುಮಾರು ೪೫ ಲಕ್ಷ. ೧೯೦೦ರ ಹೊತ್ತಿಗೆ ಎರಡೂವರೆ ಕೋಟಿಗೂ ಮೀರಿತು. ಮೊದಲ ಎಣಿಕೆ ವಾಸ್ತವಕ್ಕಿಂತ ಕಡಿಮೆಯೆಂದು ಚರಿತ್ರಕಾರರು ಶಂಕಿಸುವರಾದರೂ ಬೆಳವಣಿಗೆ ನಿಜ. ಹಳ್ಳಿಗಳಲ್ಲಿ ನಾಣ್ಯದ ಓಡಾಟ ಹೆಚ್ಚಿದುದೂ ನಿಜ. ಕೆಲವು ಕಡೆ ರೈತರು ಅದರಿಂದ ಕೋಣಗಳನ್ನು ಕೊಂಡುದೂ, ಸಂತೆಗಳು ಬೆಳೆದುದೂ ನಿಜ. ಆದರೆ ಪೂರ್ವದಲ್ಲಿದ್ದುದೆಲ್ಲ ಕಾರಣವಾಗದು. ಗಡಿಗೆ ಹುಟ್ಟುವುದಕ್ಕೆ ಮೊದಲು ಮಣ್ಣು ಹೊತ್ತ ಕತ್ತೆಯೂ ಅಲ್ಲಿ ಇದ್ದೀತು. ತಾರ್ಕಿಕರು ಅದನ್ನು ಅನ್ಯಥಾಸಿದ್ಧವೆಂದು ತಳ್ಳುವರು, ಗಡಿಗೆಗೆ ಕಾರಣವೆಂದು ಒಪ್ಪುವುದಿಲ್ಲ. ದೀರ್ಘಯುದ್ಧ ನಿಂತುದು, ಸಿಡುಬಿಗೆ ದೇವಿ ಹಾಕಿದುದು, ಹೊಸ ಗದ್ದೆಗಳನ್ನು ರೈತರೇ ಮಾಡಿಕೊಂಡುದು, ಹೆಚ್ಚು ಕೈಗಳಿದ್ದರೆ ಬಿಟ್ಟಿಯ ಹೊರೆ ಹಂಚಿಹೋಗುವುದೆಂದು ಮನೆಗಳು ದೊಡ್ಡದಾದುದು, ಇವೆಲ್ಲವನ್ನೂ ಬಿಟ್ಟು ಉಗ್ರಾಣದ ಅಧಿಕಾರಿಗೆ ಆ ಕೀರ್ತಿಯನ್ನು ಕಟ್ಟುವುದು ಕಾಕತಾಳೀಯವನ್ನು ಕಾರ್ಯಕಾರಣಭಾವವೆಂದು ಹೇಳಿದಂತೆ. ಅದೇ ಪದ್ಧತಿಯ ನಡುವಿನಲ್ಲಿ, ೧೮೪೦ರ ದಶಕದ ಕೊನೆಗೆ, ಮಧ್ಯಜಾವಾದ ದೆಮಾಕ್, ಗ್ರೊಬೋಗನ್ ಸೀಮೆಗಳಲ್ಲಿ ಘೋರವಾದ ಕ್ಷಾಮ ಬಂದು ಜನ ಸತ್ತು, ಉಳಿದವರು ಊರು ಬಿಟ್ಟರು. ಆ ಬಯಲುಸೀಮೆಯ ಕ್ಷಾಮಕ್ಕೆ ಕಾಫಿಯನ್ನೇ ಹೊಣೆಮಾಡಿದರೆ ಅದೂ ಅನ್ಯಾಯವಾದೀತು. ಬತ್ತ ಕೆಟ್ಟುದು, ಕೆಟ್ಟಾಗಲೂ ಕಂದಾಯ ಬಿಡದುದು, ಬಿಟ್ಟಿಗೆ ಹೋದವನಿಗೆ ತನ್ನ ಗದ್ದೆಗೆ ಬಿಡುವಿಲ್ಲದುದು, ಇವು ಕೂಡಿ ಬಂದುವು. ಜನ ಬೆಳೆದುದರ ಪುಣ್ಯವನ್ನು ಸರಕಾರದ ಖಾತೆಗೆ ಬರೆಯುವವರು ಜನ ಸತ್ತುದರ ಪಾಪವನ್ನು ಮಾತ್ರ ಮಳೆಯ ಖಾತೆಗೆ ಬರೆಯುವುದನ್ನು ಗಮನಿಸತಕ್ಕುದು.

ದಾರಿಗಳ ಮಾತನ್ನು ಬೇಗ ಮುಗಿಸಬಹುದು. ಅನ್ಯೆರಿನಿಂದ ಪನಾರುಕನ್ನಿನ ವರೆಗೆ ಸುಮಾರು ಸಾವಿರ ಕಿಲೋಮೀಟರು ಉದ್ದದ ಹೆದ್ದಾರಿಯನ್ನು ಡೇಂಡೆಲ್ಸನು ಮಾಡಿಸಿದುದು ಬಿಟ್ಟಿಯ ಆಳುಗಳಿಂದ, ಸಾವಿರಾರು ಪ್ರಾಣಗಳ ಬೆಲೆಯಿಂದ; ಸೈನ್ಯವನ್ನೂ ಟಪ್ಪಾಲನ್ನೂ ಕಾಫಿಯನ್ನೂ ಸಾಗಿಸುವುದಕ್ಕಾಗಿ.

ಬಂದ ಹಣ ಎಲ್ಲಿ ಹೋಯಿತು? ಇದಕ್ಕೆ ಹಾಲೆಂಡಿನ ಲೆಕ್ಕಪತ್ರಗಳೇ ಉತ್ತರ ಹೇಳುವುವು. ೧೮೩೧ರಿಂದ ೧೮೭೭ರ ವರೆಗೆ ಜಾವಾದಿಂದ ಹಾಲೆಂಡಿನ ಬೊಕ್ಕಸಕ್ಕೆ ಸಂದ ಮಿಗತೆ ೮೦ ಕೋಟಿ ಗಿಲ್ಡರಿಗೂ ಹೆಚ್ಚು; ಅದರಲ್ಲಿ ಸಿಂಹಪಾಲು ಕಾಫಿಯದು. ೧೮೫೦ರ ದಶಕದಲ್ಲಿ ಆ ದೇಶದ ಸರಕಾರದ ವರಮಾನದಲ್ಲಿ ಸುಮಾರು ಮೂರರಲ್ಲೊಂದು ಪಾಲು ಜಾವಾದಿಂದ ಬಂದುದು. ಆ ಹಣದಿಂದ ಹಳೆಯ ಸಾಲಗಳು ತೀರಿದುವು, ತೆರಿಗೆಗಳು ಇಳಿದುವು, ಹಾಲೆಂಡಿನಲ್ಲಿ ರೈಲುದಾರಿಗಳಾದುವು. ಜಾವಾದಲ್ಲಿ ಮೊದಲ ರೈಲು ಓಡಿದುದು ೧೮೬೭ರಲ್ಲಿ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಟೀಕೆ ದೊರೆಯಲಾರದು. ಇಷ್ಟಕ್ಕೇ ನಿಲ್ಲಲಿಲ್ಲ. ೧೮೬೩ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಡಚ್ಚರು ಗುಲಾಮಗಿರಿಯನ್ನು ತೆಗೆದುಹಾಕಿದರು. ಪರಿಹಾರ ಕೊಟ್ಟರು, ಗುಲಾಮರಿಗಲ್ಲ, ಒಡೆಯರಿಗೆ, ತಲೆಯೊಂದಕ್ಕೆ ೩೦೦ ಗಿಲ್ಡರ್. ಆ ಹಣ ಒದಗಿದುದು ಜಾವಾದ ಮಿಗತೆಯಿಂದ. ಪೂರ್ವದ್ವೀಪದಲ್ಲಿ ಬಿಟ್ಟಿ ದುಡಿದವನ ಬೆವರು ಪಶ್ಚಿಮದಲ್ಲಿ ಗುಲಾಮರ ಒಡೆಯನ ನಷ್ಟವನ್ನು ತುಂಬಿತು. ೧೮೯೦ರಿಂದ ೧೯೩೯ರ ವರೆಗೆ ಆ ಸುರಿನಾಮಿನ ತೋಟಗಳಿಗೇ ಸುಮಾರು ೩೩ ಸಾವಿರ ಜಾವಾದವರನ್ನು ಕರಾರಿನ ಕೂಲಿಗಳಾಗಿ ಹಡಗು ಹತ್ತಿಸಿದರು. ಕೊನೆಗೆ ೧೯೪೯ರಲ್ಲಿ ಇಂಡೊನೇಷಿಯದ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳುವಾಗ, ಡಚ್ ಆಳಿಕೆಯ ಸಾಲವೆಂದು ೪೦೦ ಕೋಟಿ ಗಿಲ್ಡರಿಗೂ ಮಿಕ್ಕ ಮೊತ್ತವನ್ನು ಹೊಸ ರಾಷ್ಟ್ರದ ತಲೆಗೆ ಕಟ್ಟಿದರು. ತಮ್ಮನ್ನು ಅಡಗಿಸಲು ನಡೆದ ಯುದ್ಧದ ವೆಚ್ಚವೂ ಅದರಲ್ಲಿದೆಯೆಂದು ಇಂಡೊನೇಷಿಯದ ಪ್ರತಿನಿಧಿಗಳು ಆಕ್ಷೇಪಿಸಿದರು, ಒಪ್ಪದೆ ವಿಧಿಯಿರಲಿಲ್ಲ. ಉಪಕಾರ ಮಾಡಿದವನು ಬಿಲ್ಲು ಬರೆಯುವ ಪದ್ಧತಿ ಯಾವ ಸ್ಮೃತಿಯಲ್ಲಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊನೆಯ ಆಸರೆಯನ್ನು ಹಿಡಿಯುವವರುಂಟು. ಡಚ್ಚರಲ್ಲಿಯೇ ಒಬ್ಬನು ಎದ್ದು ಈ ಅನ್ಯಾಯವನ್ನು ಬಯಲಿಗೆಳೆದನಲ್ಲವೆ, ಅಂತಹ ಆತ್ಮಸಾಕ್ಷಿ ಆ ಜನಕ್ಕಿತ್ತಲ್ಲವೆ ಎನ್ನುವರು. ೧೮೬೦ರಲ್ಲಿ ಮುಲ್ತಾತುಲಿ ಎಂಬ ಹೆಸರಿನಿಂದ ಎಡ್ವರ್ಡ್ ಡೌವೆಸ್ ಡೆಕ್ಕರನು ಪ್ರಕಟಿಸಿದ ‘ಮಾಕ್ಸ್ ಹಾವೆಲಾರ್’ ಎಂಬ ಕಾದಂಬರಿಯ ಮಾತು ಇದು. ಗ್ರಂಥ ದೊಡ್ಡದು, ಕೃತಿಕಾರನ ಧೈರ್ಯ ದೊಡ್ಡದು, ಸಂದೇಹವಿಲ್ಲ. ಆದರೆ ಅದನ್ನು ಹೊಗಳುವವರಲ್ಲಿ ಓದಿದವರು ಕಡಿಮೆಯೆಂದು ತೋರುವುದು. ಅದರ ಉಪಶೀರ್ಷಿಕೆಯಲ್ಲಿ ಡಚ್ ವ್ಯಾಪಾರಸಂಘದ ಕಾಫಿಯ ಹರಾಜುಗಳ ಹೆಸರಿದೆ. ಕಥೆ ಹೇಳತೊಡಗುವವನು ಡ್ರೋಗ್‌ಸ್ಟೊಪ್ಪೆಲ್ ಎಂಬ ಕಾಫಿಯ ದಲ್ಲಾಳಿ. ಆದರೆ ಹಾವೆಲಾರನು ಲೆಬಾಕಿನಲ್ಲಿ ಕಂಡ ಅನ್ಯಾಯ ಕಾಫಿಯದಲ್ಲ. ಅಲ್ಲಿ ಭೂಪತಿಯ ಕಡೆಯವರು ಬಡವರ ಕೋಣಗಳನ್ನು ಎಳೆದೊಯ್ಯುವರು, ಕೂಲಿಯಿಲ್ಲದೆ ದುಡಿಸಿಕೊಳ್ಳುವರು; ಡಚ್ ಅಧಿಕಾರಿಗಳು ಕಂಡೂ ಕಾಣದಂತಿರುವರು, ಏಕೆಂದರೆ ಭೂಪತಿಯಿಲ್ಲದೆ ಅವರ ಆಳಿಕೆ ನಡೆಯದು. ಕಾಫಿಯ ದಲ್ಲಾಳಿಯನ್ನು ಹೊರಚೌಕಟ್ಟಾಗಿಟ್ಟು ಕೋಣದ ಕಳವನ್ನು ಒಳಗಿಟ್ಟುದರಲ್ಲಿಯೇ ಗ್ರಂಥದ ಮರ್ಮವಿದೆ: ಆಂಸ್ಟರ್ಡಾಮಿನ ಬೀಜದ ಬೆಲೆಯೂ ಲೆಬಾಕಿನ ಕೋಣದ ಹಗ್ಗವೂ ಒಂದೇ ಯಂತ್ರದ ಭಾಗಗಳು. ಸ್ವದೇಶದ ಮುಖ್ಯಸ್ಥನೂ ಸುಲಿದನು, ಆದುದರಿಂದ ಪರದೇಶದವನ ತಪ್ಪು ಅರ್ಧವಾಯಿತು ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ಆಳುವವನ ಮಗನೊಬ್ಬನು ಅತ್ತನೆಂಬುದರಿಂದ ಆಳಿಸಿಕೊಂಡವನ ಸಾಲ ತೀರದು. ಡೆಕ್ಕರನು ೧೮೫೬ರಲ್ಲಿ ದೂರು ಕೊಟ್ಟು, ಮೇಲಿನವರು ಕಿವಿಗೊಡದೆ ಹೋಗಲು ಕೆಲಸ ಬಿಟ್ಟನು. ಪ್ರಿಯಾಂಗನ್ನಿನ ಬಲವಂತದ ಕಾಫಿಯಾದರೋ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ವರೆಗೂ ನಡೆಯಿತು. ೧೯೮೮ರಲ್ಲಿ ಹಾಲೆಂಡಿನಲ್ಲಿ ನ್ಯಾಯವಾದ ಬೆಲೆ ಕೊಟ್ಟು ತಂದ ಕಾಫಿಯೆಂಬ ಮುದ್ರೆಗೆ ಅದೇ ಹಾವೆಲಾರನ ಹೆಸರಿಟ್ಟರು. ಆ ಮುದ್ರೆ ಬಿದ್ದ ಮೊದಲ ಬೀಜ ಜಾವಾದ್ದಲ್ಲ, ಮೆಕ್ಸಿಕೋದ್ದು.

ರೋಗದ ಕಥೆ ಎಲ್ಲರೂ ಬಲ್ಲುದು. ೧೮೬೯ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಮುಂದಿನ ದಶಕದಲ್ಲಿ ಜಾವಾವನ್ನು ಸೇರಿ ತಗ್ಗಿನ ತೋಟಗಳನ್ನು ಬೋಳಿಸಿತು. ಲೈಬೀರಿಕಾ ಜಾತಿಯನ್ನು ನೆಟ್ಟರು, ಅದೂ ಸೋತಿತು. ೧೯೦೦ರ ಸುಮಾರಿಗೆ ಕಾಂಗೋ ಮೂಲದ ರೊಬಸ್ಟಾ ಬೆಲ್ಜಿಯಮ್ಮಿನ ಮಾರ್ಗವಾಗಿ ಬಂದು ನೆಲೆಯೂರಿತು. ಡಚ್ಚರ ತೋಟಗಳು ೧೯೫೭-೫೮ರಲ್ಲಿ ರಾಷ್ಟ್ರದ ಸ್ವತ್ತಾದುವು. ಪೂರ್ವಜಾವಾದ ಇಜೆನ್ ಪ್ರಸ್ಥಭೂಮಿಯ ಜಂಪಿಟ್, ಬ್ಲಾವನ್ ಮೊದಲಾದುವು ಇಂದಿಗೂ ಸರಕಾರಿ ತೋಟಗಳು. ಆದರೆ ಇಂಡೊನೇಷಿಯದ ಕಾಫಿಯಲ್ಲಿ ಬಹುಪಾಲು ಈಗ ಬರುವುದು ದಕ್ಷಿಣ ಸುಮಾತ್ರದ ಸಣ್ಣ ಹಿಡುವಳಿದಾರರ ರೊಬಸ್ಟಾದಿಂದ. ಯಾರೂ ಚಾಟಿ ಹಿಡಿದು ನಿಲ್ಲದಿದ್ದರೂ ಆ ‘ಸೋಮಾರಿಗಳು’ ತಮ್ಮ ದೇಶವನ್ನು ಜಗತ್ತಿನ ಮೊದಲ ನಾಲ್ಕು ಬೆಳೆಗಾರ ರಾಷ್ಟ್ರಗಳ ಸಾಲಿನಲ್ಲಿ ನಿಲ್ಲಿಸಿರುವರು. ಮಲೆನಾಡಿನ ತೋ‌ಟಗಾರರೂ ಆ ದ್ವೀಪಸಮೂಹಕ್ಕೆ ಋಣಿಗಳೇ. ೧೯೨೦ರ ದಶಕದಲ್ಲಿ ಟಿಮೋರ್ ದ್ವೀಪದಲ್ಲಿ ಅರೇಬಿಕಾ ರೊಬಸ್ಟಾಗಳು ತಾವಾಗಿ ಕೂಡಿ ಹುಟ್ಟಿದ ಗಿಡವೊಂದು ಕಂಡುಬಂದಿತು. ಅದರ ರೋಗನಿರೋಧದ ಗುಣವನ್ನು ಪಡೆದ ತಳಿಗಳಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ೨೦೦೭ರಲ್ಲಿ ಬಿಡುಗಡೆ ಮಾಡಿದ ‘ಚಂದ್ರಗಿರಿ’ಯೂ ಒಂದು. ಇಲ್ಲಿಂದ ಜಾವಾಕ್ಕೆ ಹೋದ ಬೀಜವನ್ನು ಕುರಿತು ಬರೆಯುವವರು ಅಲ್ಲಿಂದ ಇಲ್ಲಿಗೆ ಬಂದುದನ್ನು ಕುರಿತು ಒಂದು ಸಾಲನ್ನಾದರೂ ಬರೆಯಬಹುದಾಗಿತ್ತು. ಘಟ್ಟದ ಕೆಳಗಿನಿಂದ ಮೇಸ್ತ್ರಿಗಳು ಮುಂಗಡದ ಬಲೆ ಬೀಸಿ ತೋಟಗಳಿಗೆ ಕರೆತಂದ ಆಳುಗಳ ಕಥೆಯೂ, ಮುಂಗಡ ಪಡೆದು ಕೆಲಸ ತಪ್ಪಿಸಿದವನನ್ನು ಸೆರೆಗೆ ಕಳುಹಿಸುತ್ತಿದ್ದ ೧೮೫೯ರ ಕಾಯಿದೆಯ ಕಥೆಯೂ ಅಂತಹ ಪ್ರಬಂಧಗಳಲ್ಲಿ ಬರುವುದಿಲ್ಲವೆಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಉಳಿದುದು ಹೆಸರಿನ ವಿಚಾರ. ಅಮೆರಿಕದವರು ಕಾಫಿಗೆ ಜಾವಾ ಎಂದೇ ಅಡ್ಡಹೆಸರಿಟ್ಟರು. ಸುಮಾತ್ರದ ಬೀಜವನ್ನೂ ಜಾವಾವೆಂದು ಮಾರಿದರು. ೧೯೯೫ರಲ್ಲಿ ಹೊರಬಂದ ಗಣಕಯಂತ್ರದ ಒಂದು ಭಾಷೆಗೂ ಅದೇ ಹೆಸರು, ಹೊಗೆಯಾಡುವ ಬಟ್ಟಲೇ ಲಾಂಛನ. ಹಾಯಿಹಡಗಿನ ಒಡಲಲ್ಲಿ ತಿಂಗಳುಗಟ್ಟಲೆ ಬೆವೆತು ಕಂದಿದ ಬೀಜದ ಮುಗ್ಗಲು ರುಚಿಯನ್ನೇ ಹಳೆಯ ಜಾವಾದ ಸೊಗಸೆಂದು ಯುರೋಪು ಅಮೆರಿಕಗಳು ಮೆಚ್ಚಿದುವು. ಉಗಿಹಡಗು ಬಂದು ಬೀಜ ಬೇಗ ತಲುಪತೊಡಗಲು ರುಚಿ ಹೋಯಿತೆಂದು ಹಲುಬಿದುವು. ಇವೆಲ್ಲ ನಿರಪಾಯವಾದ ಹುಚ್ಚುಗಳು. ಆದರೆ ಕೋಪಿ ಲುವಾಕಿನದು ಹಾಗಲ್ಲ. ಬೆಳೆದ ಬೀಜವೆಲ್ಲ ಉಗ್ರಾಣಕ್ಕೆ ಹೋಗಬೇಕಾಗಿದ್ದುದರಿಂದ, ತನಗೆಂದು ಒಂದು ಹಣ್ಣನ್ನೂ ಬಿಡಿಸಿಕೊಳ್ಳಲಾರದ ಆಳುಗಳು, ಪುನುಗಿನ ಜಾತಿಯ ಲುವಾಕ್ ಎಂಬ ಮರಬೆಕ್ಕು ಹಣ್ಣು ತಿಂದು ಹಿಕ್ಕೆಯಲ್ಲಿ ಬಿಟ್ಟ ಬೀಜಗಳನ್ನು ಆಯ್ದು, ತೊಳೆದು, ಹುರಿದು ಕುಡಿದರೆಂದು ಜಾವಾದಲ್ಲಿ ಹೇಳುವರು. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವು ಜನರಲ್ಲಿಯೂ ಇಂತಹದೇ ಮಾತುಂಟು. ಅಲ್ಲಿ ೧೮೪೭ರಿಂದ ೧೯೦೮ರ ವರೆಗೆ ಬಲವಂತದ ಕಾಫಿ ನಡೆಯಿತು. ಬೀಜ ಸರಕಾರಕ್ಕೆ ಹೋದುದರಿಂದ ಜನ ಕಾಫಿಯ ಎಲೆಯನ್ನು ಬಾಡಿಸಿ ಕಷಾಯ ಮಾಡಿ ಕುಡಿದರು ಎನ್ನುವರು. ಎಲೆಯ ಕಷಾಯ ಬೀಜದ ವ್ಯಾಪಾರಕ್ಕಿಂತ ಹಳೆಯದೆನ್ನುವವರೂ ಇರುವರು. ‘ಕಾವಾ ದಾವುನ್’ ಎಂಬ ಆ ಪಾನೀಯವನ್ನು ತೆಂಗಿನ ಚಿಪ್ಪಿನಲ್ಲಿ ಇಂದಿಗೂ ಕೊಡುವರು. ಕಥೆಗಳ ಅಕ್ಷರಗಳು ಹೇಗೇ ಇರಲಿ, ಕೈಗೆ ಬಂದ ತುತ್ತು ಬಾಯಿಗೆ ಬಾರದ ಜನರು ಅವನ್ನು ಹೇಳಿಕೊಂಡು ಬಂದಿರುವರು.

ಆ ಹಿಕ್ಕೆಯ ಬೀಜವನ್ನೇ ಈಗ ಜಗತ್ತಿನ ಅತ್ಯಂತ ದುಬಾರಿಯಾದ ಕಾಫಿಗಳಲ್ಲಿ ಒಂದೆಂದು ಮಾರುವರು. ಬೇಡಿಕೆ ಹೆಚ್ಚಲು ಕಾಡಿನಲ್ಲಿ ಅಲೆದು ಮಾಗಿದುದನ್ನು ಮಾತ್ರ ಆರಿಸಿ ತಿನ್ನುವ ಆ ಪ್ರಾಣಿಯನ್ನು ಹಿಡಿದು, ಇಕ್ಕಟ್ಟಾದ ತಂತಿಯ ಗೂಡಿನಲ್ಲಿಟ್ಟು, ಕಾಫಿಯ ಹಣ್ಣನ್ನೇ ತಿನ್ನಿಸುವರು. ಗಿರಾಕಿ ಗೂಡಿನ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ವಸಾಹತು ಕಾಲದ ಬಡವರ ಕಥೆಯನ್ನು ಕೇಳಿ, ಬಟ್ಟಲಿಗೆ ಬೆಲೆ ತೆತ್ತು ಹೊರಡುವನು. ಕೊಡಗಿನಲ್ಲಿಯೂ ಇಂತಹ ಕಾಫಿ ಮಾರಾಟಕ್ಕೆ ಬಂದಿರುವುದು. ಅಲ್ಲಿ ಬೀಜವನ್ನು ಕಾಡಿನಲ್ಲಿಯೇ ಆಯುವರೆಂದು ಮಾರುವವರ ಹೇಳಿಕೆ. ಜಾವಾದ ಕಥೆಯನ್ನಾದರೋ ಪೊಟ್ಟಣದ ಮೇಲೆ ಅವರೂ ಅಚ್ಚುಹಾಕಿಸಿದರೆ, ಬೆಟ್ಟದ ಪಿಕುಲಿನ ತೂಕವನ್ನೂ ಅದರ ಪಕ್ಕದಲ್ಲಿ ಅಚ್ಚುಹಾಕಿಸಲಿ.